ಬಾಟಲಿಗೆ ಗಾಳಿ ಸೇರುವ ಮುನ್ನ: ಕೆರೆ, ಬಾವಿ, ಮಳೆನೀರಿನ ರಸಾಯನವನ್ನು ಅಳೆಯುವ ಬಗೆ

ನೀರಿನ ಪರೀಕ್ಷೆಯಲ್ಲಿ ವಿಚಿತ್ರ ಅಂಕಿ ಬಂದರೆ ಎಲ್ಲರೂ ಮೊದಲು ಅನುಮಾನಿಸುವುದು ರಾಸಾಯನಿಕವನ್ನು, ಆಮೇಲೆ ಮೀಟರನ್ನು. ಬಹಳಷ್ಟು ಸಲ ಕೆಟ್ಟಿರುವುದು ಅವೆರಡೂ ಅಲ್ಲ, ಬಾಟಲಿ ತುಂಬಿದ ರೀತಿ. ಕೆರೆಯ ನೀರಾಗಲಿ ಕೊಳವೆಬಾವಿಯ ನೀರಾಗಲಿ ಆಮ್ಲಜನಕವನ್ನೂ ಇಂಗಾಲದ ಡೈಆಕ್ಸೈಡನ್ನೂ ಕರಗಿಸಿಕೊಂಡಿರುತ್ತದೆ. ಮೇಲೆ ಬಂದ ಗಳಿಗೆಯಿಂದಲೇ ಅದು ಹೊರಗಿನ ಗಾಳಿಯ ಜೊತೆ ಲೆಕ್ಕ ಚುಕ್ತಾ ಮಾಡಿಕೊಳ್ಳಲು ತೊಡಗುತ್ತದೆ. ಹೆಚ್ಚಿದ್ದ ಅನಿಲವನ್ನು ಬಿಡುತ್ತದೆ, ಕಡಿಮೆ ಇದ್ದದ್ದನ್ನು ಎಳೆದುಕೊಳ್ಳುತ್ತದೆ. ಹಾಗಾಗಿ ಯಾವುದನ್ನು ನೀರಿನ ದಡದಲ್ಲೇ ಅಳೆಯಬೇಕು, ಯಾವುದನ್ನು ಮನೆಗೆ ತಂದರೂ ನಡೆಯುತ್ತದೆ ಎಂಬುದು ಗೊತ್ತಾದರೆ ಅರ್ಧ ಕೆಲಸ ಮುಗಿದಂತೆ.

ಗಾಳಿಯ ಕಡೆಯ ಲೆಕ್ಕ

ಒಣಗಾಳಿಯಲ್ಲಿ ನೂರಕ್ಕೆ 78 ಪಾಲು ಸಾರಜನಕ, 20.95 ಪಾಲು ಆಮ್ಲಜನಕ, 0.93 ಪಾಲು ಆರ್ಗಾನ್. ಇಂಗಾಲದ ಡೈಆಕ್ಸೈಡ್ ಹತ್ತು ಲಕ್ಷ ಪಾಲಿಗೆ 420ಕ್ಕಿಂತ ತುಸು ಹೆಚ್ಚು. 1958ರಲ್ಲಿ ಚಾರ್ಲ್ಸ್ ಕೀಲಿಂಗ್ ಹವಾಯಿಯ ಮೌನಾ ಲೋವಾದಲ್ಲಿ ಅಳೆಯಲು ಶುರುಮಾಡಿದಾಗ ಅದು 315ರ ಆಸುಪಾಸಿನಲ್ಲಿತ್ತು.

ಪ್ರತಿ ಅನಿಲವೂ ಗಾಳಿಯಲ್ಲಿ ತನ್ನ ಒತ್ತಡ ಎಷ್ಟಿದೆಯೋ ಅದಕ್ಕೆ ತಕ್ಕಂತೆ ನೀರಿಗಿಳಿಯುತ್ತದೆ. ಸಮುದ್ರಮಟ್ಟದಲ್ಲಿ, ಸಿಹಿನೀರಿನಲ್ಲಿ, ಗಾಳಿಯೊಂದಿಗೆ ಸಮತೋಲಕ್ಕೆ ಬಂದಾಗ ಲೀಟರಿಗೆ ಕರಗಿರುವ ಆಮ್ಲಜನಕ 0 ಡಿಗ್ರಿ ಸೆಲ್ಸಿಯಸ್‌ನಲ್ಲಿ 14.6 ಮಿಲಿಗ್ರಾಂ, 10 ಡಿಗ್ರಿಯಲ್ಲಿ 11.3, 20ರಲ್ಲಿ 9.1, 25ರಲ್ಲಿ 8.3, 30ರಲ್ಲಿ ಸುಮಾರು 7.5. ಸಮುದ್ರಮಟ್ಟದಿಂದ 1000 ಮೀಟರ್ ಎತ್ತರದಲ್ಲಿ ಇವನ್ನೆಲ್ಲ ಶೇಕಡಾ 11ರಷ್ಟು ಇಳಿಸಿಕೊಳ್ಳಬೇಕು. ಈ ಐದು ಅಂಕಿಗಳನ್ನು ನೋಟ್‌ಪುಸ್ತಕದ ಮೊದಲ ಪುಟದಲ್ಲೇ ಬರೆದಿಟ್ಟುಕೊಳ್ಳಿ. ಮುಂದೆ ಬರುವ ಪ್ರತಿ ಫಲಿತಾಂಶವನ್ನೂ ಇವುಗಳ ಪಕ್ಕದಲ್ಲಿಟ್ಟೇ ಓದಬೇಕು.

ಇಂಗಾಲದ ಡೈಆಕ್ಸೈಡಿನ ಕಥೆ ಬೇರೆ. 25 ಡಿಗ್ರಿಯಲ್ಲಿ ಗಾಳಿಯಿಂದ ಲೀಟರ್ ನೀರಿಗೆ ಇಳಿಯುವುದು 0.6 ಮಿಲಿಗ್ರಾಂ ಮಾತ್ರ. ಆದರೆ ಅದು ನೀರಿನೊಡನೆ ಕೂಡಿ ಕಾರ್ಬಾನಿಕ್ ಆಮ್ಲವಾಗುತ್ತದೆ. ಉಪ್ಪುಗಳೇ ಇಲ್ಲದ ನೀರಿನ ಪಿಎಚ್ ಅನ್ನು (ಆಮ್ಲ-ಕ್ಷಾರದ ಅಳತೆ; 7 ತಟಸ್ಥ, ಅದಕ್ಕಿಂತ ಕೆಳಗೆ ಆಮ್ಲ) 7ರಿಂದ 5.6ಕ್ಕೆ ಇಳಿಸಲು ಅಷ್ಟೇ ಸಾಕು. ತೆರೆದಿಟ್ಟ ಡಿಸ್ಟಿಲ್ಡ್ ನೀರು 7 ತೋರಿಸಲಿಲ್ಲವೆಂದು ಮೀಟರನ್ನು ರಿಪೇರಿಗೆ ಕಳಿಸುವವರಿದ್ದಾರೆ. ಮೀಟರ್ ಸರಿಯಾಗಿಯೇ ಇರುತ್ತದೆ.

ದಡದಲ್ಲಿ ಮಾಡಬೇಕಾದ ಕೆಲಸ, ಮಾಡಬೇಕಾದ ಕ್ರಮದಲ್ಲಿ

ಮೊದಲು ಉಷ್ಣತೆ. ಬಾಟಲಿಯಲ್ಲಿ ಅಲ್ಲ, ನೀರಿನಲ್ಲೇ. ಎರಡನೆಯದು ಕರಗಿದ ಆಮ್ಲಜನಕದ ಬಾಟಲಿ ತುಂಬಿ ಅಲ್ಲೇ ಸ್ಥಿರಗೊಳಿಸುವುದು, ಅಂದರೆ ದ್ರಾವಣ ಹಾಕಿ ಆಮ್ಲಜನಕವನ್ನು ಗಸಿಯಾಗಿ ಹಿಡಿದಿಡುವುದು. ಮೂರನೆಯದು ಪಿಎಚ್, ನಾಲ್ಕನೆಯದು ವಾಹಕತೆ, ಅಂದರೆ ಕರಗಿದ ಉಪ್ಪುಗಳಿಂದಾಗಿ ನೀರು ವಿದ್ಯುತ್ತನ್ನು ಎಷ್ಟು ಹಾಯಿಸುತ್ತದೆ ಎಂಬುದು. ಕ್ಷಾರತೆ (ಆಮ್ಲ ತಾಳುವ ಶಕ್ತಿ) ಮತ್ತು ಗಡಸುತನಕ್ಕೆ (ಕರಗಿದ ಕ್ಯಾಲ್ಸಿಯಂ, ಮೆಗ್ನೀಸಿಯಂ) ಒಂದು ಲೀಟರಿನ ಪಾಲಿಥೀನ್ ಬಾಟಲಿಯನ್ನು ಅಂಚಿನವರೆಗೂ, ಗುಳ್ಳೆ ಉಳಿಯದಂತೆ ತುಂಬಿ ಮುಚ್ಚಿ ತಂದರಾಯಿತು.

ಗಂಟೆಯನ್ನು ಬರೆಯಲು ಮರೆಯಬೇಡಿ. ಹಸಿರು ಪಾಚಿ ತುಂಬಿದ ಕೆರೆಯಲ್ಲಿ ಬಿಸಿಲೇರಿದಂತೆ ದ್ಯುತಿಸಂಶ್ಲೇಷಣೆ ಇಂಗಾಲದ ಡೈಆಕ್ಸೈಡನ್ನು ನುಂಗಿ ಆಮ್ಲಜನಕ ಬಿಡುತ್ತದೆ. ಮಧ್ಯಾಹ್ನ ಮೂರರ ಹೊತ್ತಿಗೆ ಪಿಎಚ್ 9 ದಾಟಿರಬಹುದು, ಆಮ್ಲಜನಕ ಮೇಲಿನ ಪಟ್ಟಿಯ ಅಂಕಿಯನ್ನೂ ಮೀರಿರಬಹುದು. ರಾತ್ರಿಯಿಡೀ ಎಲ್ಲವೂ ಉಸಿರಾಡುತ್ತವೆಯೇ ಹೊರತು ಉತ್ಪಾದನೆ ಇರುವುದಿಲ್ಲ. ಸೂರ್ಯೋದಯಕ್ಕೆ ಮುಂಚೆ ಆಮ್ಲಜನಕ ತೀರಾ ತಳಕ್ಕಿಳಿಯುತ್ತದೆ, ಮೀನು ಸಾಯುವುದೂ ಆ ಹೊತ್ತಿನಲ್ಲೇ. ಮಧ್ಯಾಹ್ನದ ಒಂದೇ ಮಾದರಿ ಹಿಡಿದು ಕೆರೆ ಆರೋಗ್ಯವಾಗಿದೆ ಎಂದು ಬರೆಯುವುದು ಈ ಕ್ಷೇತ್ರದ ಅತಿ ಸಾಮಾನ್ಯ ತಪ್ಪು.

ಕೊಳವೆಬಾವಿಯಾದರೆ ಪಂಪು ಚಾಲೂ ಮಾಡಿದ ಕೂಡಲೇ ಬರುವ ನೀರು ಪೈಪಿನಲ್ಲಿ ನಿಂತಿದ್ದ ನೀರು. ಉಷ್ಣತೆಯೂ ವಾಹಕತೆಯೂ ಏರಿಳಿಯದೆ ಒಂದೇ ಅಂಕಿಗೆ ನಿಲ್ಲುವವರೆಗೆ ಹರಿಯಬಿಡಿ.

ಕರಗಿದ ಆಮ್ಲಜನಕ: ವಿಂಕ್ಲರ್ ವಿಧಾನ

ಹಂಗೇರಿಯ ಲಾಯೊಷ್ ವಿಂಕ್ಲರ್ 1888ರಲ್ಲಿ ಪ್ರಕಟಿಸಿದ ವಿಧಾನ ಇದು. ಎಲೆಕ್ಟ್ರಾನಿಕ್ ಮೀಟರುಗಳು ಬಂದ ಮೇಲೂ ಅವನ್ನು ಸರಿಹೊಂದಿಸಲು ಇದನ್ನೇ ಬಳಸುವವರಿದ್ದಾರೆ. ಬೇಕಾದ ದ್ರಾವಣಗಳು ಇವು:

- ಮ್ಯಾಂಗನೀಸ್ ಸಲ್ಫೇಟ್: ಒಂದು ನೀರಣುವಿನ ಹರಳಾದರೆ 364 ಗ್ರಾಂ, ನಾಲ್ಕು ನೀರಣುವಿನದಾದರೆ 480 ಗ್ರಾಂ, ಒಂದು ಲೀಟರಿಗೆ.
- ಕ್ಷಾರೀಯ ಅಯೋಡೈಡ್–ಅಝೈಡ್: ಸೋಡಿಯಂ ಹೈಡ್ರಾಕ್ಸೈಡ್ 500 ಗ್ರಾಂ, ಪೊಟಾಷಿಯಂ ಅಯೋಡೈಡ್ 150 ಗ್ರಾಂ, ಸೋಡಿಯಂ ಅಝೈಡ್ 10 ಗ್ರಾಂ, ಒಂದು ಲೀಟರಿಗೆ.
- ಸಾಂದ್ರ ಗಂಧಕಾಮ್ಲ.
- 0.025 ಮೋಲಾರ್ ಸೋಡಿಯಂ ಥಯೋಸಲ್ಫೇಟ್: ಐದು ನೀರಣುವಿನ ಹರಳು 6.205 ಗ್ರಾಂ, ಒಂದು ಲೀಟರಿಗೆ. ಇದು ಇಟ್ಟಲ್ಲೇ ದುರ್ಬಲವಾಗುತ್ತದೆ, ಆಗಾಗ ಪ್ರಮಾಣೀಕರಿಸಬೇಕು, ಅಂದರೆ ಬಲ ಗೊತ್ತಿರುವ ದ್ರಾವಣದೆದುರು ತಾಳೆ ನೋಡಬೇಕು.
- ಶೇಕಡಾ 1ರ ಪಿಷ್ಟದ ದ್ರಾವಣ, ಹೊಸದು.

ಸೋಡಿಯಂ ಅಝೈಡ್ ವಿಷ. ಆಮ್ಲ ಬಿದ್ದರೆ ಅದರಿಂದ ಹೊರಡುವ ಅನಿಲವೂ ವಿಷ. ಲೋಹದ ಕೊಳಾಯಿಯಲ್ಲಿ ಸೇರಿಕೊಂಡರೆ ಸ್ಫೋಟಕ ಲವಣಗಳಾಗಬಹುದು. ಆದ್ದರಿಂದ ಕೈಗವಸು, ಕನ್ನಡಕ, ಒಳ್ಳೆಯ ಗಾಳಿ ಬೇಕು. ಉಳಿದದ್ದನ್ನು ಸಿಂಕಿಗೆ ಸುರಿಯದೆ ಬೇರೆ ಡಬ್ಬಿಯಲ್ಲಿ ಕೂಡಿಡಬೇಕು. ಗಂಧಕಾಮ್ಲವನ್ನು ಬೇರೆಲ್ಲೇ ತೆಳು ಮಾಡುವಾಗಲೂ ಆಮ್ಲವನ್ನು ನೀರಿಗೆ ಹಾಕಬೇಕು, ನೀರನ್ನು ಆಮ್ಲಕ್ಕಲ್ಲ.

ಇನ್ನು ಹಂತಗಳು:

1. 300 ಮಿಲಿಲೀಟರಿನ ಬಿಓಡಿ ಬಾಟಲಿಯ (ಆಮ್ಲಜನಕ ಪರೀಕ್ಷೆಯ, ಗಾಜಿನ ಬಿರಡೆಯ ಬಾಟಲಿ) ತಳಕ್ಕೆ ಮುಟ್ಟುವಂತೆ ರಬ್ಬರ್ ನಳಿಗೆ ಇಳಿಸಿ, ನೀರನ್ನು ಮೆಲ್ಲಗೆ ಬಿಡಿ. ಬಾಟಲಿ ತುಂಬಿದ ಮೇಲೂ ಇನ್ನೆರಡು ಮೂರು ಬಾಟಲಿಯಷ್ಟು ನೀರು ಉಕ್ಕಿ ಹರಿಯಲಿ. ನಳಿಗೆಯನ್ನು ನಿಧಾನಕ್ಕೆ ಮೇಲೆತ್ತಿ ಬಿರಡೆ ಹಾಕಿ. ಬಾಟಲಿ ತಿರುಗಿಸಿ ನೋಡಿದಾಗ ಒಂದು ಗುಳ್ಳೆ ಕಂಡರೂ ಚೆಲ್ಲಿ ಮತ್ತೆ ತುಂಬಿ.

2. ಬಿರಡೆ ತೆಗೆದು, ಪಿಪೆಟ್ಟಿನ ತುದಿಯನ್ನು ನೀರಿನ ಮೇಲ್ಮೈಯ ಕೆಳಗಿಟ್ಟು 1 ಮಿಲಿಲೀಟರ್ ಮ್ಯಾಂಗನೀಸ್ ಸಲ್ಫೇಟ್, ಆಮೇಲೆ 1 ಮಿಲಿಲೀಟರ್ ಕ್ಷಾರೀಯ ಅಯೋಡೈಡ್–ಅಝೈಡ್ ಬಿಡಿ. ಎರಡಕ್ಕೂ ಬೇರೆ ಬೇರೆ ಪಿಪೆಟ್ಟು.

3. ಬಿರಡೆ ಹಾಕಿ ಹದಿನೈದು ಇಪ್ಪತ್ತು ಸಲ ತಲೆಕೆಳಗು ಮಾಡಿ. ಕಂದು ಗಸಿ ಕಟ್ಟುತ್ತದೆ. ಅದು ಬಾಟಲಿಯ ಅರ್ಧಕ್ಕಿಳಿದ ಮೇಲೆ ಮತ್ತೊಮ್ಮೆ ಕಲಕಿ, ಮತ್ತೆ ಇಳಿಯಲು ಬಿಡಿ.

4. 1 ಮಿಲಿಲೀಟರ್ ಸಾಂದ್ರ ಗಂಧಕಾಮ್ಲ ಹಾಕಿ, ಮುಚ್ಚಿ, ಕಲಕಿ. ಗಸಿ ಪೂರ್ತಿ ಕರಗಿ ಹಳದಿ-ಕಂದು ಬಣ್ಣ ಬರಬೇಕು.

5. ಇದರಿಂದ 201 ಮಿಲಿಲೀಟರ್ ಅಳೆದು ಫ್ಲಾಸ್ಕಿಗೆ ಹಾಕಿ. ಮೊದಲ ಎರಡು ದ್ರಾವಣ ಸೇರಿಸುವಾಗ 2 ಮಿಲಿಲೀಟರ್ ಮಾದರಿ ಉಕ್ಕಿ ಹೋಗಿತ್ತಲ್ಲ, ಫ್ಲಾಸ್ಕಿನಲ್ಲಿ ಅಸಲು ಮಾದರಿ 200 ಮಿಲಿಲೀಟರ್ ಇರಲೆಂದೇ ಆ ಒಂದು ಹೆಚ್ಚಿನ ಮಿಲಿಲೀಟರು.

6. ಬ್ಯುರೆಟ್ಟಿನಿಂದ ಥಯೋಸಲ್ಫೇಟ್ ಬಿಡುತ್ತಾ ಹೋಗಿ. ಒಣಹುಲ್ಲಿನ ತಿಳಿಹಳದಿಗೆ ಬಂದಾಗ ಪಿಷ್ಟ ಹಾಕಿ. ಕಡುನೀಲಿ ಬರುತ್ತದೆ. ನೀಲಿ ಮೊದಲ ಸಲ ಮಾಯವಾದಾಗ ನಿಲ್ಲಿಸಿ. ಖರ್ಚಾದ ಪ್ರತಿ ಮಿಲಿಲೀಟರ್ ಥಯೋಸಲ್ಫೇಟಿಗೆ ಲೀಟರಿಗೆ 1 ಮಿಲಿಗ್ರಾಂ ಆಮ್ಲಜನಕ.

ಒಳಗೆ ನಡೆಯುವುದು ಸೊಗಸಾದ ಸರಪಣಿ. ಕ್ಷಾರದಲ್ಲಿ ಮ್ಯಾಂಗನೀಸ್ ಬಿಳಿಯ ಹೈಡ್ರಾಕ್ಸೈಡ್ ಆಗುತ್ತದೆ. ಕರಗಿದ ಆಮ್ಲಜನಕ ಅದನ್ನು ಉತ್ಕರ್ಷಿಸಿ ಕಂದು ಮಾಡುತ್ತದೆ. ಆಮ್ಲ ಬಿದ್ದಾಗ ಆ ಕಂದು ವಸ್ತು ಅಯೋಡೈಡಿನಿಂದ ಅಯೋಡಿನ್ನನ್ನು ಬಿಡಿಸುತ್ತದೆ. ನಾವು ಎಣಿಸುವುದು ಆ ಅಯೋಡಿನ್ನನ್ನು. ಗಸಿ ಕಂದಾಗದೆ ಹಾಲಿನಂತೆ ಬಿಳಿಯಾಗಿಯೇ ಉಳಿದರೆ ದ್ರಾವಣ ಕೆಟ್ಟಿದೆ ಎಂದುಕೊಳ್ಳಬೇಡಿ. ಆ ನೀರಿನಲ್ಲಿ ಆಮ್ಲಜನಕವೇ ಇಲ್ಲ. ಕೊಳಚೆ ಸೇರಿದ ಹಳ್ಳದಲ್ಲಿ, ಆಳವಾದ ಕೆರೆಯ ತಳದಲ್ಲಿ ಇದು ಸಹಜ.

ಎಲ್ಲಿ ತಪ್ಪುತ್ತದೆ? ಪಿಷ್ಟವನ್ನು ಅವಸರಪಟ್ಟು ಕಡುಕಂದು ಇರುವಾಗಲೇ ಹಾಕಿದರೆ ಅಯೋಡಿನ್ ಅದಕ್ಕೆ ಅಂಟಿಕೊಂಡು ಸುಲಭವಾಗಿ ಬಿಡುವುದಿಲ್ಲ, ಅಂತ್ಯಬಿಂದು ದಾಟಿಹೋಗುತ್ತದೆ. ನೀಲಿ ಹೋಗಿ ಕೆಲವೇ ಕ್ಷಣಗಳಲ್ಲಿ ಮತ್ತೆ ಮತ್ತೆ ಮರಳುತ್ತಿದ್ದರೆ ನೀರಿನಲ್ಲಿ ನೈಟ್ರೈಟ್ ಇದೆ, ಅದನ್ನು ತೆಗೆದುಹಾಕಬೇಕಾದ ಅಝೈಡ್ ಸಾಲದಾಗಿದೆ ಅಥವಾ ಹಳತಾಗಿದೆ. ತುಂಬ ಹೊತ್ತಿನ ಮೇಲೆ ಬರುವ ನೀಲಿ ಗಾಳಿಯ ಕಿತಾಪತಿ, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಕ್ಲೋರಿನ್ ಹಾಕಿದ ನೀರಿನಲ್ಲಿ ಅಂಕಿ ಸುಳ್ಳಾಗಿ ಏರುತ್ತದೆ, ಏಕೆಂದರೆ ಕ್ಲೋರಿನ್ನೂ ಅಯೋಡಿನ್ ಬಿಡಿಸುತ್ತದೆ.

ವಿಧಾನ ಕೈಗೆ ಹತ್ತಿದೆಯೇ ಎಂದು ನೋಡಲು ಸುಲಭದ ದಾರಿಯಿದೆ. ಡಿಸ್ಟಿಲ್ಡ್ ನೀರನ್ನು ಅರ್ಧ ತುಂಬಿದ ದೊಡ್ಡ ಬಾಟಲಿಯಲ್ಲಿ ಕೆಲವು ನಿಮಿಷ ಜೋರಾಗಿ ಕುಲುಕಿ, ಗುಳ್ಳೆಗಳೆಲ್ಲ ಹೋಗುವ ತನಕ ಬಿಟ್ಟು, ಇದೇ ಪರೀಕ್ಷೆ ಮಾಡಿ. ಆ ಉಷ್ಣತೆಗೂ ಎತ್ತರಕ್ಕೂ ಪಟ್ಟಿ ಹೇಳುವ ಅಂಕಿಯಿಂದ 0.2ಕ್ಕಿಂತ ಹೆಚ್ಚು ಸರಿದರೆ ಥಯೋಸಲ್ಫೇಟನ್ನು ಮೊದಲು ಪರೀಕ್ಷಿಸಿ.

ಪಿಎಚ್ ಮೀಟರ್

7.00ರ ಬಫರಿನಲ್ಲಿ (ಪಿಎಚ್ ಗೊತ್ತಿರುವ ದ್ರಾವಣ) ಮೊದಲು, ಆಮೇಲೆ ನೀರು ಯಾವ ಕಡೆಗಿರಬಹುದೋ ಆ ಕಡೆಯ 4.01 ಅಥವಾ 10.01ರಲ್ಲಿ ಸರಿಹೊಂದಿಸಿ. 25 ಡಿಗ್ರಿಯಲ್ಲಿ ಒಂದು ಪಿಎಚ್ ಘಟಕಕ್ಕೆ 59.2 ಮಿಲಿವೋಲ್ಟ್ ಬರಬೇಕು. 56ಕ್ಕಿಂತ ಕೆಳಗಿಳಿದರೆ ಎಲೆಕ್ಟ್ರೋಡ್ ತೊಳೆಯಬೇಕು, ಇಲ್ಲವೇ ಬದಲಿಸಬೇಕು. 10.01ರ ಬಫರ್ ತೆರೆದಿಟ್ಟರೆ ಗಾಳಿಯ ಇಂಗಾಲದ ಡೈಆಕ್ಸೈಡ್ ಕುಡಿದು ಇಳಿಯುತ್ತದೆ, ಒಮ್ಮೆ ಬಳಸಿದ್ದನ್ನು ಸೀಸೆಗೆ ವಾಪಸ್ ಸುರಿಯಬೇಡಿ. ಎಲೆಕ್ಟ್ರೋಡನ್ನು 3 ಮೋಲಾರ್ ಪೊಟಾಷಿಯಂ ಕ್ಲೋರೈಡಿನಲ್ಲಿ ಇಡಬೇಕು. ಡಿಸ್ಟಿಲ್ಡ್ ನೀರಿನಲ್ಲಿ ನೆನೆಹಾಕಿಟ್ಟರೆ ಅದರ ಉಪ್ಪು ಸೋರಿಹೋಗಿ ಬಹುಬೇಗ ಕೈಕೊಡುತ್ತದೆ.

ಕ್ಷಾರತೆ, ಮತ್ತು ಅದರಿಂದ ಹೊರಡುವ ಲೆಕ್ಕ

ಕ್ಷಾರತೆ ಎಂದರೆ ನೀರು ಎಷ್ಟು ಆಮ್ಲವನ್ನು ತಾಳಿಕೊಳ್ಳಬಲ್ಲದು ಎಂಬುದು. ಪಿಎಚ್ ಜೊತೆ ಇದನ್ನು ಗೊಂದಲ ಮಾಡಿಕೊಳ್ಳುವವರು ಬಹಳ. ಪಿಎಚ್ ಜೇಬಿನಲ್ಲಿರುವ ಚಿಲ್ಲರೆ, ಕ್ಷಾರತೆ ಪೆಟ್ಟಿಗೆಯಲ್ಲಿರುವ ಇಡುಗಂಟು. ಸಾಮಾನ್ಯ ನೀರಿನಲ್ಲಿ ಈ ಇಡುಗಂಟು ಬಹುಪಾಲು ಬೈಕಾರ್ಬನೇಟ್, ಅಂದರೆ ಸುಣ್ಣಕಲ್ಲನ್ನೂ ಇತರ ಶಿಲೆಗಳನ್ನೂ ಇಂಗಾಲದ ಡೈಆಕ್ಸೈಡ್ ತುಂಬಿದ ನೀರು ಕರಗಿಸಿ ಪಡೆದದ್ದು.

100 ಮಿಲಿಲೀಟರ್ ಮಾದರಿಗೆ ಎರಡು ಮೂರು ಹನಿ ಫಿನಾಲ್ಫ್ತಲೀನ್ ಎಂಬ ಬಣ್ಣದ ಸೂಚಕ ಹಾಕಿ. ಗುಲಾಬಿ ಬಂದರೆ 0.02 ನಾರ್ಮಲ್ ಗಂಧಕಾಮ್ಲವನ್ನು ಬಣ್ಣ ಹೋಗುವವರೆಗೆ ಬಿಟ್ಟು ಬ್ಯುರೆಟ್ ಅಂಕಿ ಬರೆದುಕೊಳ್ಳಿ. ಅದೇ ಫ್ಲಾಸ್ಕಿಗೆ ಬ್ರೋಮೊಕ್ರಿಸಾಲ್ ಗ್ರೀನ್ ಅಥವಾ ಮೀಥೈಲ್ ಆರೆಂಜ್ ಹಾಕಿ ಪಿಎಚ್ 4.5ರ ತನಕ ಮುಂದುವರಿಸಿ. ಮೊದಲನೆಯದರಲ್ಲಿ ನೀಲಿ ಹಸಿರಾಗಿ ಹಳದಿಯತ್ತ ತಿರುಗುತ್ತದೆ, ಎರಡನೆಯದರಲ್ಲಿ ಹಳದಿ ಕಿತ್ತಳೆಯಾಗುತ್ತದೆ. ಕಿತ್ತಳೆಯ ಗಡಿ ಹಿಡಿಯುವುದು ಕಣ್ಣಿಗೆ ಕಷ್ಟ, ಆಯ್ಕೆ ಇದ್ದರೆ ಬ್ರೋಮೊಕ್ರಿಸಾಲ್ ಗ್ರೀನ್ ವಾಸಿ. ಮೊದಲಿನಿಂದ ಖರ್ಚಾದ ಒಟ್ಟು ಮಿಲಿಲೀಟರನ್ನು 10ರಿಂದ ಗುಣಿಸಿದರೆ ಕ್ಯಾಲ್ಸಿಯಂ ಕಾರ್ಬನೇಟ್ ಲೆಕ್ಕದಲ್ಲಿ ಲೀಟರಿಗೆ ಇಷ್ಟು ಮಿಲಿಗ್ರಾಂ ಎಂದು ಸಿಗುತ್ತದೆ. ಆಮ್ಲದ ಬಲವನ್ನು ಲೀಟರಿಗೆ 1.06 ಗ್ರಾಂ ಒಣ ಸೋಡಿಯಂ ಕಾರ್ಬನೇಟ್ ಇರುವ 0.02 ನಾರ್ಮಲ್ ದ್ರಾವಣದೆದುರು ತಾಳೆ ನೋಡಿ.

ಇದರಿಂದ ಏನು ತಿಳಿಯುತ್ತದೆ ಎಂಬುದಕ್ಕೆ ಒಂದು ಕೊಳವೆಬಾವಿಯ ನೀರನ್ನೇ ತೆಗೆದುಕೊಳ್ಳೋಣ. ಕ್ಷಾರತೆ 200, ಬಾವಿಯ ಬಾಯಿಯಲ್ಲೇ ಅಳೆದ ಪಿಎಚ್ 7.0, ಉಷ್ಣತೆ 25 ಡಿಗ್ರಿ. 200ನ್ನು 50ರಿಂದ ಭಾಗಿಸಿದರೆ ಲೀಟರಿಗೆ 4 ಮಿಲಿಮೋಲ್ ಬೈಕಾರ್ಬನೇಟ್. ಪಿಎಚ್ 6.35ರಲ್ಲಿ ಇಂಗಾಲದ ಡೈಆಕ್ಸೈಡೂ ಬೈಕಾರ್ಬನೇಟೂ ಸರಿಸಮ ಇರುತ್ತವೆ. ಅಲ್ಲಿಂದ ಪಿಎಚ್ ಒಂದೊಂದು ಘಟಕ ಏರಿದಂತೆ ಡೈಆಕ್ಸೈಡಿನ ಪಾಲು ಹತ್ತರಲ್ಲಿ ಒಂದಾಗುತ್ತಾ ಹೋಗುತ್ತದೆ. 7.0 ಎಂದರೆ 0.65 ಘಟಕ ಮೇಲೆ, ಹಾಗಾಗಿ 4ರ 0.224 ಪಾಲು, ಅಂದರೆ ಸುಮಾರು 0.9 ಮಿಲಿಮೋಲ್. ತೂಕದಲ್ಲಿ ಲೀಟರಿಗೆ 39 ಮಿಲಿಗ್ರಾಂ. ಗಾಳಿ ಕೊಡುವುದು 0.6 ಮಾತ್ರ ಎಂದು ಮೇಲೆ ನೋಡಿದೆವು. ಮಣ್ಣಿನಲ್ಲಿ ಬೇರುಗಳೂ ಸೂಕ್ಷ್ಮಜೀವಿಗಳೂ ಉಸಿರು ಬಿಟ್ಟದ್ದನ್ನೆಲ್ಲ ಹೊತ್ತುಕೊಂಡು ಈ ನೀರು ಗಾಳಿ ಕೊಡುವುದಕ್ಕಿಂತ ಅರವತ್ತು ಪಟ್ಟು ಹೆಚ್ಚು ಅನಿಲ ತುಂಬಿಕೊಂಡಿದೆ.

ಈಗ ಅದೇ ನೀರನ್ನು ಒಂದು ಬೀಕರಿನಿಂದ ಇನ್ನೊಂದಕ್ಕೆ, ಒಂದು ಅಡಿ ಎತ್ತರದಿಂದ ಇಪ್ಪತ್ತು ಸಲ ಸುರಿದು ಪಿಎಚ್ ನೋಡಿ. ಏರಿರುತ್ತದೆ. 8.0ಕ್ಕೆ ಬಂದಿದ್ದರೆ ಡೈಆಕ್ಸೈಡ್ 39ರಿಂದ 3.9ಕ್ಕೆ ಇಳಿದಿದೆ ಎಂದರ್ಥ. ಏನೂ ಸೇರಿಸಿಲ್ಲ, ಬರೀ ಸುರಿದದ್ದು. ಹಾಗೆಯೇ ಕ್ಷಾರತೆ ಮಾಡಿ ನೋಡಿ: 200, ಕದಲಿಲ್ಲ. ಹೊರಗೆ ಹೋದದ್ದು ವಿದ್ಯುದಾವೇಶವಿಲ್ಲದ ಅನಿಲ. ಬೈಕಾರ್ಬನೇಟ್ ಮಾತ್ರ ಕ್ಯಾಲ್ಸಿಯಂ, ಸೋಡಿಯಂಗಳ ಧನಾವೇಶಕ್ಕೆ ಜೋಡಿಯಾಗಿ ಅಲ್ಲೇ ನಿಂತಿದೆ. ಕ್ಷಾರತೆಯ ಬಾಟಲಿಯನ್ನು ಮನೆಗೆ ತರಬಹುದು, ಪಿಎಚ್ ಅನ್ನು ತರಲಾಗದು ಎಂಬ ನಿಯಮದ ಗುಟ್ಟು ಇಷ್ಟೇ.

ಆದರೆ ಅದಕ್ಕೂ ಒಂದು ಮಿತಿಯಿದೆ. ನೀರು ಗಡಸಾಗಿದ್ದರೆ ಬಾಟಲಿಯನ್ನು ದಿನಗಟ್ಟಲೆ ಇಟ್ಟಾಗ ಒಳಗೋಡೆಯಲ್ಲಿ ಬಿಳಿ ಪೊರೆ ಕಟ್ಟುತ್ತದೆ. ಡೈಆಕ್ಸೈಡ್ ಹೋದಂತೆಲ್ಲ ಕ್ಯಾಲ್ಸಿಯಂ ಕಾರ್ಬನೇಟ್ ಕರಗಿರಲಾರದೆ ಬೇರೆಯಾಗುತ್ತದೆ, ಆಗ ಕ್ಷಾರತೆಯೂ ಗಡಸುತನವೂ ಎರಡೂ ಇಳಿಯುತ್ತವೆ. ಇನ್ನು ಕೆಲವು ಬಾವಿಗಳ ನೀರು ಬರುವಾಗ ಸ್ಫಟಿಕದಂತಿದ್ದು ಗಂಟೆಯೊಳಗೆ ಕೆಂಪಗೆ ಕದಡುತ್ತದೆ. ಅದು ಕರಗಿದ ಕಬ್ಬಿಣ ಆಮ್ಲಜನಕ ಸಿಕ್ಕಿ ತುಕ್ಕಾಗಿ ಬಿದ್ದದ್ದು. ಆ ಕ್ರಿಯೆ ಆಮ್ಲ ಹುಟ್ಟಿಸುವುದರಿಂದ ಕ್ಷಾರತೆಯನ್ನು ಸ್ವಲ್ಪ ತಿನ್ನುತ್ತದೆ. ಇಂಥ ನೀರನ್ನು ಅದೇ ದಿನ ಮುಗಿಸಿ.

ಗಡಸುತನ

50 ಮಿಲಿಲೀಟರ್ ಮಾದರಿಗೆ ಪಿಎಚ್ 10ರ ಅಮೋನಿಯ ಬಫರ್ 1 ಮಿಲಿಲೀಟರ್, ಎರಿಯೋಕ್ರೋಮ್ ಬ್ಲ್ಯಾಕ್ ಟಿ ಎಂಬ ಸೂಚಕ ಚಿಟಿಕೆಯಷ್ಟು. 0.01 ಮೋಲಾರ್ ಇಡಿಟಿಎ (ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ಕಟ್ಟಿಹಾಕುವ ರಾಸಾಯನಿಕ; ಡೈಸೋಡಿಯಂ ಲವಣ ಲೀಟರಿಗೆ 3.723 ಗ್ರಾಂ) ಬಿಡುತ್ತಾ ದ್ರಾಕ್ಷಿ ಕೆಂಪು ಪೂರ್ತಿ ಹೋಗಿ ಶುದ್ಧ ನೀಲಿ ಬರುವವರೆಗೆ ಟೈಟ್ರೇಟ್ ಮಾಡಿ. ಖರ್ಚಾದ ಮಿಲಿಲೀಟರನ್ನು 20ರಿಂದ ಗುಣಿಸಿದರೆ, ಕ್ಷಾರತೆಯಂತೆಯೇ, ಕ್ಯಾಲ್ಸಿಯಂ ಕಾರ್ಬನೇಟ್ ಲೆಕ್ಕದಲ್ಲಿ ಲೀಟರಿಗೆ ಇಷ್ಟು ಮಿಲಿಗ್ರಾಂ ಎಂದು ಸಿಗುತ್ತದೆ. 60ರವರೆಗೆ ಮೆದು ನೀರು, 180 ದಾಟಿದರೆ ತೀರಾ ಗಡಸು. ಬಫರ್ ಹಾಕಿದ ಐದು ನಿಮಿಷದೊಳಗೆ ಮುಗಿಸಿ, ತಡವಾದರೆ ಆ ಪಿಎಚ್‌ನಲ್ಲಿ ಸುಣ್ಣ ಗಸಿಯಾಗತೊಡಗುತ್ತದೆ. ನೇರಳೆಯಲ್ಲೇ ಎಳೆದಾಡುತ್ತಿದ್ದರೆ ಬಫರ್ ಹಳತಾಗಿ ಅಮೋನಿಯ ಹಾರಿಹೋಗಿರುತ್ತದೆ, ಅಥವಾ ನೀರಿನಲ್ಲಿ ಮೆಗ್ನೀಸಿಯಂ ತೀರಾ ಕಡಿಮೆ ಇರುತ್ತದೆ.

ಗಡಸುತನ ಕ್ಷಾರತೆಗಿಂತ ಹೆಚ್ಚಿದ್ದರೆ, ಹೆಚ್ಚಿದ್ದಷ್ಟು ಪಾಲು ಕುದಿಸಿದರೂ ಹೋಗದ ಗಡಸುತನ.

ಮಳೆನೀರು

ಇಲ್ಲಿ ಕ್ಷಾರತೆಯ ಇಡುಗಂಟೇ ಇಲ್ಲ, ಅದಕ್ಕೇ ಮಳೆನೀರು ಗಾಳಿಯ ಸಣ್ಣ ಬದಲಾವಣೆಯನ್ನೂ ಪಿಎಚ್‌ನಲ್ಲಿ ತೋರಿಸುತ್ತದೆ. ಗಂಧಕದ ಡೈಆಕ್ಸೈಡ್ ಮತ್ತು ಸಾರಜನಕದ ಆಕ್ಸೈಡುಗಳು ಗಂಧಕಾಮ್ಲ, ನೈಟ್ರಿಕ್ ಆಮ್ಲಗಳಾಗಿ 5.6ರಿಂದ ಕೆಳಕ್ಕೆ ಎಳೆಯುತ್ತವೆ. ಮಣ್ಣಿನ ಧೂಳಿನ ಸುಣ್ಣವೂ ಅಮೋನಿಯವೂ ಮೇಲಕ್ಕೆ ಎತ್ತುತ್ತವೆ. ಆದ್ದರಿಂದ 6.5 ಬಂತೆಂದು ಗಾಳಿ ಶುದ್ಧ ಎನ್ನಲಾಗದು. ಆಮ್ಲವೂ ಧೂಳೂ ಒಂದನ್ನೊಂದು ಹೊಡೆದುಹಾಕಿರಬಹುದು. ಅಂಥ ಮಳೆಯ ವಾಹಕತೆ ಹೆಚ್ಚಿರುತ್ತದೆ, ಗುಟ್ಟು ಅಲ್ಲಿ ರಟ್ಟಾಗುತ್ತದೆ.

20 ಸೆಂಟಿಮೀಟರ್ ವ್ಯಾಸದ ಪಾಲಿಥೀನ್ ಆಲಿಕೆಯನ್ನು ಮರ, ಸೂರುಗಳಿಂದ ದೂರ, ನೆಲದಿಂದ ಮೀಟರಿಗೂ ಮೇಲೆ ನಿಲ್ಲಿಸಿ. 1 ಮಿಲಿಮೀಟರ್ ಮಳೆಗೆ 31 ಮಿಲಿಲೀಟರ್ ನೀರು ಸಿಗುತ್ತದೆ. ಮಳೆ ಶುರುವಾದಾಗಲೇ ಮುಚ್ಚಳ ತೆಗೆಯಿರಿ. ಬೆಳಗಿನಿಂದ ತೆರೆದಿಟ್ಟರೆ ಅಳೆಯುವುದು ಮಳೆಯನ್ನಲ್ಲ, ಅದರಲ್ಲಿ ಕೂತ ಧೂಳನ್ನು. ಮೊದಲ ಒಂದೆರಡು ಮಿಲಿಮೀಟರನ್ನು ಬೇರೆ ಬಾಟಲಿಗೆ ಹಿಡಿಯಿರಿ, ಗಾಳಿಯನ್ನು ತೊಳೆದು ತರುವುದು ಅದೇ. ಉಪ್ಪು ಕಡಿಮೆ ಇರುವುದರಿಂದ ಪಿಎಚ್ ಅಂಕಿ ಬಹಳ ಹೊತ್ತು ತೇಲಾಡುತ್ತದೆ. ಕಲಕದೆ ಐದಾರು ನಿಮಿಷ ಕಾಯಿರಿ. ಆದರೂ ನಿಲ್ಲದಿದ್ದರೆ ಬೇರೆ ತೆಗೆದಿಟ್ಟ ಪಾಲಿಗೆ ಶುದ್ಧ ಪೊಟಾಷಿಯಂ ಕ್ಲೋರೈಡಿನ ಕೆಲವು ಹರಳು ಹಾಕಿ ನೋಡಿ.

ಓಝೋನ್ ಕಾಗದ

ವಿಂಕ್ಲರ್‌ನ ಅಯೋಡಿನ್–ಪಿಷ್ಟದ ನೀಲಿಯೇ ಗಾಳಿಗೂ ಬಳಕೆಯಾಗುತ್ತದೆ. 1839ರಲ್ಲಿ ಓಝೋನನ್ನು ಗುರುತಿಸಿದ ಕ್ರಿಶ್ಚಿಯನ್ ಶೋನ್ಬೈನ್ ಕಂಡುಕೊಂಡ ಉಪಾಯ ಇದು. 100 ಮಿಲಿಲೀಟರ್ ನೀರಿಗೆ 5 ಗ್ರಾಂ ಮೆಕ್ಕೆಜೋಳದ ಪಿಷ್ಟ ಹಾಕಿ ಗಂಜಿಯಂತೆ ಅರೆಪಾರದರ್ಶಕವಾಗುವವರೆಗೆ ಕಾಯಿಸಿ. ಇಳಿಸಿ 1 ಗ್ರಾಂ ಪೊಟಾಷಿಯಂ ಅಯೋಡೈಡ್ ಕಲಸಿ, ಆರಿದ ಮೇಲೆ ಫಿಲ್ಟರ್ ಕಾಗದದ ಎರಡೂ ಬದಿಗೆ ತೆಳ್ಳಗೆ ಬಳಿಯಿರಿ. ಕತ್ತಲಲ್ಲಿ ಒಣಗಿಸಿ ಗಾಳಿಯಾಡದ ಡಬ್ಬಿಯಲ್ಲಿಡಿ. ಬಳಸುವಾಗ ಡಿಸ್ಟಿಲ್ಡ್ ನೀರು ಚಿಮುಕಿಸಿ, ನೆರಳಿನಲ್ಲಿ ಎಂಟು ಗಂಟೆ ತೂಗುಹಾಕಿ, ಮತ್ತೆ ನೆನೆಸಿ ಬಣ್ಣ ನೋಡಿ. ನೇರಳೆ ಗಾಢವಾದಷ್ಟೂ ಉತ್ಕರ್ಷಕ ಹೆಚ್ಚು. ತೇವ ಹೆಚ್ಚಿದ ದಿನ ಬಣ್ಣ ಸುಮ್ಮನೆ ಗಾಢವಾಗುವುದರಿಂದ ಒಂದೇ ದಿನ ಬೇರೆ ಬೇರೆ ಜಾಗಗಳನ್ನು ಹೋಲಿಸಲು ಮಾತ್ರ ಇದು ಲಾಯಕ್ಕು. ವಾಹನ ದಟ್ಟವಾದ ರಸ್ತೆಬದಿಯ ಕಾಗದ ದೂರದ ತೋಪಿನ ಕಾಗದಕ್ಕಿಂತ ಬಿಳಿಚಿಕೊಂಡಿದ್ದರೆ ಬೆರಗಾಗಬೇಡಿ. ಹೊಗೆಯಲ್ಲಿ ಹೊಸದಾಗಿ ಹೊರಟ ನೈಟ್ರಿಕ್ ಆಕ್ಸೈಡ್ ಓಝೋನನ್ನು ಅಲ್ಲೇ ತಿಂದುಹಾಕುತ್ತದೆ.

ಅಂಕಿಗಳನ್ನು ಒಂದಕ್ಕೊಂದು ತಾಳೆ ಹಾಕುವುದು

ವಾಹಕತೆಯನ್ನು ಸೆಂಟಿಮೀಟರಿಗೆ ಮೈಕ್ರೋಸೀಮೆನ್ಸ್‌ನಲ್ಲಿ ಬರೆದು 100ರಿಂದ ಭಾಗಿಸಿದರೆ, ನೀರಿನಲ್ಲಿರುವ ಒಟ್ಟು ಧನ ಅಯಾನುಗಳು ಲೀಟರಿಗೆ ಎಷ್ಟು ಮಿಲಿಈಕ್ವಿವಲೆಂಟ್ (ವಿದ್ಯುದಾವೇಶದ ಲೆಕ್ಕದಲ್ಲಿ ಎಣಿಸಿದ ಮಿಲಿಮೋಲ್) ಎಂಬ ಅಂದಾಜು ಸಿಗುತ್ತದೆ. ಋಣ ಅಯಾನುಗಳೂ ಅಷ್ಟೇ ಇರಬೇಕು. ಗಡಸುತನ, ಕ್ಷಾರತೆ ಎರಡನ್ನೂ 50ರಿಂದ ಭಾಗಿಸಿದರೆ ಅದೇ ಅಳತೆಗೆ ಬರುತ್ತವೆ. ವಾಹಕತೆ 500 ಇದ್ದರೆ ಒಟ್ಟು ಸುಮಾರು 5, ಹಾಗಾಗಿ ಗಡಸುತನವಾಗಲಿ ಕ್ಷಾರತೆಯಾಗಲಿ 250ನ್ನು ಬಹಳ ಮೀರುವಂತಿಲ್ಲ. 400 ಬಂದಿದ್ದರೆ ಇಡಿಟಿಎ ದುರ್ಬಲವಾಗಿದೆ, ಮಾದರಿಯ ಅಳತೆ ತಪ್ಪಿದೆ, ಇಲ್ಲವೇ ವಾಹಕತೆಯ ಮೀಟರ್ ಸರಿಹೊಂದಿಸಿಲ್ಲ. ಕ್ಷಾರತೆ ಗಡಸುತನಕ್ಕಿಂತ ಹೆಚ್ಚು ಬಂದರೆ ಅದು ತಪ್ಪಲ್ಲ. ಆ ನೀರಿನಲ್ಲಿ ಸೋಡಿಯಂ ಬೈಕಾರ್ಬನೇಟ್ ಇದೆ, ಅಂಥ ನೀರನ್ನು ವರ್ಷಗಟ್ಟಲೆ ಹಾಯಿಸಿದ ಮಣ್ಣು ಗಟ್ಟಿಯಾಗಿ ನೀರು ಇಂಗದಂತಾಗುತ್ತದೆ.